ಮನೆಯಲ್ಲಿ ಪಟಪಟ ಮಾತು, ಯುಕೆಜಿಯಲ್ಲಿ ಮೌನ

ಮನೆಯಲ್ಲಿ ಪಟಪಟ ಮಾತಾಡುವ ಮಗಳು ಶಾಲೆಯಲ್ಲಿ ನಾಲ್ಕು ತಿಂಗಳಿಂದ ತುಟಿ ಬಿಚ್ಚಿಲ್ಲ ಅಂದರೆ ಅದು ಹಟವಲ್ಲ, ಬಹುಶಃ ಸೆಲೆಕ್ಟಿವ್ ಮ್ಯೂಟಿಸಂ. ಅಂದರೆ ಕೆಲವು ಕಡೆ ಮಾತ್ರ ಆತಂಕಕ್ಕೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಶಾಲೆಯ ಭಾಷೆ ಅವಳಿಗೆ ಹೊಸದಾಗಿದ್ದರೆ ಕಾರಣ ಬೇರೆಯೂ ಇರಬಹುದು.

ಮೊದಲು "ಮಿಸ್‌ಗೆ ಹೇಳು ಪುಟ್ಟಿ, ಚಾಕೊಲೇಟ್ ಕೊಡಿಸ್ತೀನಿ" ಅನ್ನೋದನ್ನು ನಿಲ್ಲಿಸಿ. ಅವಳೆದುರು "ಇವಳು ಮಾತಾಡಲ್ಲ" ಅಂತ ಯಾರೂ ಅನ್ನಬಾರದು, ಅಜ್ಜಿಗೂ ಹೇಳಿಡಿ. ಒಂದಕ್ಕೆ ಹೋಗಬೇಕಾದರೆ ತೋರಿಸಲು ಚಿತ್ರದ ಕಾರ್ಡು ಕೊಡಿ.

ಆಮೇಲೆ ಬೆಲ್ ಹೊಡೆಯುವ ಮುಂಚೆ ಖಾಲಿ ಕ್ಲಾಸಿನಲ್ಲಿ 10–15 ನಿಮಿಷ ನೀವಿಬ್ಬರೇ ಆಡಿ. ದನಿ ಸಲೀಸಾದ ಮೇಲೆ ಟೀಚರ್ ಬಾಗಿಲ ಹತ್ತಿರ, ಮುಂದಿನ ಸಲ ಒಳಗೆ, ಆಮೇಲೆ ಪಕ್ಕದಲ್ಲಿ ಕೂರಲಿ. ಅವಳ ಮುಖ ನೋಡದೆ. ದನಿ ಇಳಿದರೆ ಒಂದು ಹೆಜ್ಜೆ ಹಿಂದೆ. ಅದು ಸರಿಹೋದ ಮೇಲೆ ಟೀಚರ್ ಆಟಕ್ಕೆ ಸೇರಿ "ಕೆಂಪಾ, ಹಸಿರಾ?" ಅಂತ ಕೇಳಿ 5 ಸೆಕೆಂಡ್ ಸುಮ್ಮನೆ ಕಾಯಲಿ. ಹೌದು-ಇಲ್ಲ ಪ್ರಶ್ನೆಯಾದರೆ ತಲೆಯಾಡಿಸಿ ತಪ್ಪಿಸಿಕೊಳ್ಳುತ್ತಾಳೆ. ಉತ್ತರ ಬಂದರೆ ಚಪ್ಪಾಳೆ ಬೇಡವೇ ಬೇಡ. ನೀವು ಹೊರಗೆ ಸರಿಯುವುದು ಕೊನೆಗೆ. ಅವಸರ ಆಗುವುದು ಇಲ್ಲೇ.

ಕಿವಿ ಪರೀಕ್ಷೆ ಮಾಡಿಸಿ. ದಾವಣಗೆರೆಯವರಾದರೆ ಅಲ್ಲಿನ ಚಿಗಟೇರಿ ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ತಜ್ಞರಿಗೆ ತೋರಿಸಿ. ಮನೆಯಲ್ಲಿ ಅವಳು ಮಾತಾಡುವ ವಿಡಿಯೊ ಒಯ್ಯಿರಿ, ಡಾಕ್ಟರ್ ಎದುರು ಬಾಯಿ ಬಿಡುವುದು ಅನುಮಾನ.