ಬೀಸಿದ್ದೆಷ್ಟು, ಬಿದ್ದಿದ್ದೆಷ್ಟು?

ಪತ್ರ: ಕೆಜಿಎಫ್‌ನಲ್ಲಿ ನಡೆದ ಬಾಕ್ಸಿಂಗ್ ಪಂದ್ಯದಲ್ಲಿ ನಮ್ಮ ಅಕ್ಕನ ಮಗ ಐವರು ಜಡ್ಜ್‌ಗಳ ತೀರ್ಪಿನಲ್ಲಿ 2-3ರಲ್ಲಿ ಸೋತ. ಮೂರೂ ರೌಂಡ್ ನುಗ್ಗಿ ಹೊಡೆದವನು ಇವನೇ. ಇನ್ನೊಬ್ಬ ಹಿಂದೆ ಹಿಂದೆ ಸರಿಯುತ್ತಲೇ ಇದ್ದ. ವಿಡಿಯೊ ನೋಡಿ ಎಣಿಸಿದೆ. ನಮ್ಮ ಹುಡುಗನದು 140 ಗುದ್ದು, ಅವನದು 60 ಕೂಡ ಇಲ್ಲ. ಕ್ರಿಕೆಟ್ ರನ್ ಥರ ಎಣಿಸಿ ಗೆಲುವು ಕೊಟ್ಟರೆ ಏನು ಕಷ್ಟ?
– ಒಬ್ಬ ಓದುಗ, ಶ್ರೀನಿವಾಸಪುರ

ಸಂಪಾದಕರ ಉತ್ತರ:

ನೀವು ಕಳಿಸಿದ ವಿಡಿಯೊವನ್ನು ಮೂರು ಸಲ ನೋಡಿದೆ. ಮೊದಲ ಸಲ ನಿಮ್ಮ ಮಾತೇ ಸರಿ ಅನ್ನಿಸಿತು. ಎರಡನೇ ಸಲ ಸದ್ದು ಆಫ್ ಮಾಡಿದೆ. ಆಗ ಅನುಮಾನ ಬಂತು. ನಿಮ್ಮ ಹುಡುಗ ಕೈ ಬೀಸಿದಾಗೆಲ್ಲ ಜನ ‘ಹೋ’ ಅಂತಾರೆ (ಅದರಲ್ಲಿ ನಿಮ್ಮ ದನಿ ಎಲ್ಲರಿಗಿಂತ ಜೋರು, ಬೇಜಾರು ಮಾಡಿಕೊಳ್ಳಬೇಡಿ). ಗ್ಲೌಸಿಗೆ ಗ್ಲೌಸ್ ತಗುಲಿದರೂ ‘ಟಪ್’ ಅನ್ನುತ್ತೆ. ನಾವು ಎಣಿಸುವುದು ಆ ಸದ್ದನ್ನು. ಮೂರನೇ ಸಲ ನಿಧಾನಕ್ಕೆ ಓಡಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಎದುರಾಳಿಯ ಮೊಣಕೈ ಮೇಲೆ, ಗ್ಲೌಸ್ ಮೇಲೆ ಬಿದ್ದಿವೆ. ಕೆಲವು ಬರೀ ಗಾಳಿಗೆ.

ನೀವು ಮಾವಿನ ಊರಿನವರು. ಮರದಲ್ಲಿ ಹೂ ಎಣಿಸಿ ಮಂಡಿಯಲ್ಲಿ ದುಡ್ಡು ಕೊಡ್ತಾರಾ?

ಲೆಕ್ಕಕ್ಕೆ ಬರುವ ಗುದ್ದಿಗೆ ನಿಯಮ ಇದೆ. ಮುಷ್ಟಿ ಮುಚ್ಚಿರಬೇಕು, ಗ್ಲೌಸಿನ ಗೆಣ್ಣಿನ ಭಾಗವೇ ತಗುಲಬೇಕು. ಮುಖದ ಮುಂದೆ ಅಥವಾ ಪಕ್ಕಕ್ಕೆ, ಇಲ್ಲವೇ ಬೆಲ್ಟಿನಿಂದ ಮೇಲೆ ಮೈಯ ಮುಂಭಾಗಕ್ಕೆ, ಪಕ್ಕೆಗೆ ಬೀಳಬೇಕು. ಹಿಂದೆ ಮೈ ಭಾರವೋ ಭುಜದ ಬಲವೋ ಇರಬೇಕು. ಅಡ್ಡ ಕೈಗೆ ಬಿದ್ದದ್ದು, ಅಂಗೈಯಲ್ಲಿ ತಟ್ಟಿದ್ದು, ಮುಟ್ಟಿ ಹೋದದ್ದು ಯಾವುದೂ ಲೆಕ್ಕವಲ್ಲ. ಮುಂದೆ ನುಗ್ಗಿದ್ದಕ್ಕೆ ಅಂತ ಬೇರೆ ಅಂಕವೂ ಇಲ್ಲ. ಆ ಇನ್ನೊಬ್ಬ ಹುಡುಗನ ಕಾಲು ನೋಡಿ. ಅವನು ಹೆದರಿ ಸರಿಯುತ್ತಿಲ್ಲ. ಒಂದು ಹೆಜ್ಜೆ ಹಿಂದಿಟ್ಟು, ನಿಮ್ಮವನ ಗಾರ್ಡ್ (ಮುಖಕ್ಕೆ ಅಡ್ಡ ಹಿಡಿದ ಕೈ) ಬಿಚ್ಚುವವರೆಗೆ ಕಾದು, ಬಲಗೈ ನೇರ ಬಿಡುತ್ತಾನೆ. ಎರಡನೇ ರೌಂಡಿನಲ್ಲಿ ನಿಮ್ಮವನ ತಲೆ ನಾಲ್ಕು ಸಲ ಹಿಂದಕ್ಕೆ ವಾಲಿದೆ.

ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ನಾನೂ ಕೆಜಿಎಫ್‌ನಲ್ಲಿ ರಿಂಗ್ ಪಕ್ಕ ಕೂತು ಗೀಟು ಹಾಕುತ್ತಾ ಗುದ್ದು ಎಣಿಸಿದವನೇ. ಹತ್ತಿರ ಕೂತಿದ್ದ ಗಣಿ ಕೆಲಸದ ಹಿರಿಯರೊಬ್ಬರು ನನ್ನ ಪುಸ್ತಕ ನೋಡಿ ನಕ್ಕರು. ‘ಹೊಡೆಯೋನ ಕೈ ನೋಡಬೇಡ ತಮ್ಮ, ತಿನ್ನೋನ ತಲೆ ನೋಡು’ ಅಂದರು. ಆಮೇಲೆ ನಾನು ಗೀಟು ಹಾಕಿಲ್ಲ.

ಹಾಗಂತ ಎಣಿಸುವ ಪ್ರಯತ್ನವೇ ಆಗಿಲ್ಲ ಅನ್ನಬೇಡಿ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಗುದ್ದು ಮುಟ್ಟಿಸಿದ್ದ, ಕೊರಿಯಾದ ಪಾರ್ಕ್ ಸಿ-ಹುನ್ 32 ಅಂತ ಒಂದು ಲೆಕ್ಕ ಇದೆ. ಚಿನ್ನ ಮಾತ್ರ 3-2ರಲ್ಲಿ ಪಾರ್ಕ್‌ಗೆ ಹೋಯಿತು. ಆ ದಿನ ನಾನೂ ನಿಮ್ಮ ಪಕ್ಷವೇ. ಆ ಗಲಾಟೆ ಆದ ಮೇಲೆ, 1992ರ ಬಾರ್ಸಿಲೋನಾದಿಂದ ಒಲಿಂಪಿಕ್ಸ್‌ಗೆ ಯಂತ್ರ ಬಂತು. ಐವರು ಜಡ್ಜ್‌ಗಳ ಕೈಗೆ ಕೆಂಪು, ನೀಲಿ ಗುಂಡಿ. ಒಂದು ಸೆಕೆಂಡಿನ ಒಳಗೆ ಮೂವರು ಒತ್ತಿದರೆ ಒಂದು ಅಂಕ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಪಕ್ಕೆಗೆ ಬಿದ್ದ ಗುದ್ದು ಒಂದು ಕಡೆ ಕೂತವರಿಗೆ ಕಂಡರೆ ಇನ್ನೊಂದು ಕಡೆಯವರಿಗೆ ಬೆನ್ನು ಮಾತ್ರ ಕಾಣುತ್ತಿತ್ತು. ಪಟಪಟ ಅಂತ ನಾಲ್ಕು ಬಿದ್ದರೆ ಬೆರಳು ಒಂದಕ್ಕೆ ಒತ್ತುತ್ತಿತ್ತು. ಎದುರಾಳಿಯನ್ನು ನೆಲಕ್ಕೆ ಕೆಡವಿದ ಗುದ್ದಿಗೂ ಒಂದೇ ಅಂಕ, ಮೂತಿಗೆ ತಟ್ಟಿ ಓಡಿದ್ದಕ್ಕೂ ಒಂದೇ. ಹುಡುಗರು ಬುದ್ಧಿವಂತರಾದರು. ಮುಖಕ್ಕೆ ಮುಟ್ಟಿಸಿ ಓಡುವುದನ್ನೇ ಕಲಿತರು. 2013ರಲ್ಲಿ ಗುಂಡಿಗಳು ಮೂಲೆ ಸೇರಿದವು.

ಈಗ ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಅಂತರ ದೊಡ್ಡದಿದ್ದರೆ 8, ಪೂರ್ತಿ ಏಕಪಕ್ಷೀಯವಾದರೆ 7. ನೋಡುವುದು ಸರಿಯಾಗಿ ಬಿದ್ದ ಗುದ್ದೆಷ್ಟು, ಆಟ ಯಾರ ಹಿಡಿತದಲ್ಲಿತ್ತು, ಗೆಲ್ಲುವ ಛಲ ಯಾರದು ಅಂತ. ಪ್ರತಿ ಜಡ್ಜ್ ತನ್ನ ಮೂರು ರೌಂಡ್ ತಾನೇ ಕೂಡುತ್ತಾನೆ; ಯಾರ ಮೊತ್ತ ಜಾಸ್ತಿಯೋ ಅವನ ಮತ ಅವರಿಗೆ. ಇದರಲ್ಲೊಂದು ಚಮತ್ಕಾರ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಮೊದಲ ರೌಂಡ್ 1-4ರಲ್ಲಿ ಕಳೆದುಕೊಂಡರು. ಉಳಿದ ಎರಡೂ 3-2ರಲ್ಲಿ ಅವರದ್ದೇ. ಆದರೂ ಪಂದ್ಯ 2-3ರಲ್ಲಿ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಪಾಲಾಯಿತು. ಮೂರರಲ್ಲಿ ಎರಡು ರೌಂಡ್ ಗೆದ್ದು ಸೋಲುವುದು ಅಂದರೆ ಇದು.

ಜಡ್ಜ್‌ಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. 2016ರ ರಿಯೊದಲ್ಲಿ ಪಂದ್ಯಗಳು ನಡೆಯುತ್ತಿರುವಾಗಲೇ ಕೆಲವರನ್ನು ಕೆಲಸದಿಂದ ಕೈಬಿಟ್ಟರು. ಪ್ರತಿ ರೌಂಡ್ ಮುಗಿದ ತಕ್ಷಣ ಅಂಕ ಬೋರ್ಡ್ ಮೇಲೆ ಬರಬೇಕು ಅನ್ನುವುದು ನನ್ನ ಹಟ. ನಿಮ್ಮ ಪಂದ್ಯದಲ್ಲಿ ಅದು ಬರಲಿಲ್ಲ, ಅದು ತಪ್ಪೇ. ಬಂದಿದ್ದರೆ ಹುಡುಗ ಕೊನೇ ರೌಂಡ್ ಬೇರೆ ಥರ ಆಡುತ್ತಿದ್ದನೇನೋ.

ಫಲಿತಾಂಶ? ಇಬ್ಬರು ಜಡ್ಜ್‌ಗಳು ನಿಮ್ಮ ಹಾಗೇ ನೋಡಿದ್ದಾರೆ. ನಾನು ಕೂತಿದ್ದರೆ ಉಳಿದ ಮೂವರ ಜೊತೆ ಇರುತ್ತಿದ್ದೆ.

ಹುಡುಗನ ಜೊತೆ ಕೂತು ವಿಡಿಯೊ ಇನ್ನೊಮ್ಮೆ ನೋಡಿ, ಸದ್ದಿಲ್ಲದೆ. ಮೂರನೇ ರೌಂಡ್ ಕೊನೆಯಲ್ಲಿ ಅವನು ಬಗ್ಗಿ, ಎಡಗೈ ತಂದು ಎದುರಾಳಿಯ ಪಕ್ಕೆಗೆ ಒಂದು ಕೊಟ್ಟಿದ್ದಾನೆ. ಜನ ‘ಹೋ’ ಅನ್ನಲಿಲ್ಲ, ಯಾರಿಗೂ ಕಂಡಿಲ್ಲ. ಇಡೀ ಪಂದ್ಯದ ಒಳ್ಳೇ ಗುದ್ದು ಅದು. ನಿಮ್ಮ 140ರಲ್ಲಿ ಅದು ಸೇರಿದೆಯಾ?