ಊಟ ಮಾಡಿ ಮಲಗಿದರೆ ಎದೆಬಡಿತ ತಾಳ ತಪ್ಪುತ್ತದೆ, ಏಕೆ?

ಪ್ರಶ್ನೆ: ನನಗೆ 52 ವರ್ಷ. ಬಿಪಿ, ಶುಗರ್ ಇಲ್ಲ. ಒಂದು ವರ್ಷದಿಂದ ರಾತ್ರಿ ಹೊಟ್ಟೆ ಬಿರಿಯ ಉಂಡು ಮಲಗಿದರೆ ಎದೆಯೊಳಗೆ ಏನೋ ಹೊರಳಿದ ಹಾಗಾಗುತ್ತದೆ. ಒಂದು ಬಡಿತ ತಪ್ಪಿದಂತಾಗಿ, ಆಮೇಲಿನದು ಧಡ್ ಅಂತ ಬಡಿಯುತ್ತದೆ. ಫ್ರಿಜ್ ನೀರು ಗಟಗಟ ಕುಡಿದಾಗಲೂ ಎರಡು ಸಲ ಹೀಗಾಯಿತು. ಎರಡನೇ ಸಲ ಅರ್ಧ ಗಂಟೆ ಡವಗುಟ್ಟಿತು. ಮಾರನೇ ದಿನ ಇಸಿಜಿ ತೆಗೆಸಿದೆ, ನಾರ್ಮಲ್ ಬಂತು. ಗ್ಯಾಸ್ ಅಷ್ಟೇ ಎಂದು ಮಾತ್ರೆ ಕೊಟ್ಟರು. ಮನೆಯವರು ಕಾಫಿ ಬಿಡಿಸಿದ್ದಾರೆ. ವಾರಕ್ಕೆ ಒಂದೆರಡು ಸಲ ಪೆಗ್ ಹಾಕುತ್ತೇನೆ. ಡಾಕ್ಟ್ರೇ, ಊಟಕ್ಕೂ ಹೃದಯಕ್ಕೂ ನಿಜವಾಗಿ ಸಂಬಂಧ ಇದೆಯಾ?

ಉತ್ತರ: ಇದೆ. ಇದು ನಿಮ್ಮ ಭ್ರಮೆಯಲ್ಲ. ಗ್ಯಾಸ್ ಎಂದವರ ಮಾತಲ್ಲೂ ಅರ್ಧ ನಿಜ ಇದೆ. ಆದರೆ ಆ ಅರ್ಧವನ್ನೇ ನಂಬಿ ಸುಮ್ನೆ ಕೂರುವ ಹಾಗಿಲ್ಲ.

ಮೊದಲು ಎದೆಯೊಳಗಿನ ಜಾಗ ನೋಡೋಣ. ನುಂಗಿದ್ದನ್ನು ಹೊಟ್ಟೆಗೆ ಇಳಿಸುವ ಅನ್ನನಾಳ, ಹೃದಯದ ಮೇಲಿನ ಎಡ ಕೋಣೆಯ ಬೆನ್ನಿಗೆ ಅಂಟಿಕೊಂಡಂತೆ ಹಾದು ಹೋಗುತ್ತದೆ. ನಡುವಿನ ಅಂತರ ಕೆಲವೇ ಮಿಲಿಮೀಟರ್. ತಾಳ ತಪ್ಪಿಸುವ ಜಾಗಗಳನ್ನು ಶಾಖದಿಂದ ಸುಡುವ ಅಬ್ಲೇಷನ್ ಎಂಬ ಚಿಕಿತ್ಸೆ ಇದೆ. ಆ ಕೋಣೆಯಲ್ಲಿ ಅದನ್ನು ಮಾಡುವಾಗ ಹಿಂದಿರುವ ಅನ್ನನಾಳ ಸುಟ್ಟೀತು ಎಂಬ ಭಯ ನಮಗೆ. ಅದಕ್ಕೇ ಎಷ್ಟೋ ಸಲ ಅನ್ನನಾಳದೊಳಗೆ ಬಿಸಿ ಅಳೆಯುವ ತಂತಿ ಇಳಿಬಿಟ್ಟು ಕಣ್ಣಿಟ್ಟಿರುತ್ತೇವೆ. ಅಷ್ಟು ಹತ್ತಿರದ ನೆರೆಮನೆ. ತಣ್ಣನೆ ನೀರು ಒಮ್ಮೆಲೇ ಇಳಿದರೆ ಹೃದಯಕ್ಕೆ ಗೊತ್ತಾಗದೆ ಇರುತ್ತದೆಯೇ?

ಇನ್ನೊಂದು ನಂಟು ನರದ್ದು. ಮೆದುಳಿನ ಬುಡದಿಂದ ಹೊರಡುವ ವೇಗಸ್ ನರ ಹೃದಯಕ್ಕೂ ಕವಲು ಕೊಡುತ್ತದೆ, ಅನ್ನನಾಳಕ್ಕೂ ಜಠರಕ್ಕೂ ಕೊಡುತ್ತದೆ. ಹೆಸರಲ್ಲಿ ವೇಗ ಇದೆ ಎಂದು ಮೋಸ ಹೋಗಬೇಡಿ, ಇದು ಹೃದಯದ ಬ್ರೇಕು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಅಲೆಮಾರಿ ಎಂದರ್ಥ. ಹೊಟ್ಟೆ ಉಬ್ಬಿದಾಗ, ದೊಡ್ಡ ತುತ್ತು ನುಂಗಿದಾಗ, ತಣ್ಣನೆಯದು ಇಳಿದಾಗ ಈ ನರ ಚುರುಕಾಗುತ್ತದೆ.

ಬ್ರೇಕು ಬಿದ್ದರೆ ಬಡಿತ ನಿಧಾನ ಆಗಬೇಕಲ್ಲ, ಡವಗುಟ್ಟುವುದು ಯಾಕೆ? ಒಂದು ಬಡಿತ ಮುಗಿದ ಮೇಲೆ ಹೃದಯದ ಸ್ನಾಯು ಗಳಿಗೆ ಹೊತ್ತು ಸುಧಾರಿಸಿಕೊಳ್ಳುತ್ತದೆ. ಆಗ ಬಡಿತ ಎಬ್ಬಿಸುವ ಹೊಸ ಕರೆಂಟ್ ಬಂದರೂ ಓಗೊಡುವುದಿಲ್ಲ. ಮೇಲಿನ ಕೋಣೆಗಳಲ್ಲಿ ವೇಗಸ್ ನರ ಈ ವಿರಾಮವನ್ನೇ ಮೊಟಕು ಮಾಡುತ್ತದೆ. ಅದೂ ಒಂದೊಂದು ಕಡೆ ಒಂದೊಂದು ಥರ. ಅಂಥ ಹೊತ್ತಲ್ಲಿ ಅಕಾಲಕ್ಕೆ ಒಂದು ಕಿಡಿ ಹಾರಿದರೆ, ಕರೆಂಟ್ ನೇರ ದಾರಿ ಬಿಟ್ಟು ಅಲ್ಲಲ್ಲೇ ಸುತ್ತತೊಡಗುತ್ತದೆ. ಕೋಣೆ ಹಿಂಡುವ ಬದಲು ಬರೀ ಅದುರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ ಏಎಫ್ ಎನ್ನುವುದು ಇದಕ್ಕೇ. ಫ್ರಾನ್ಸಿನ ಹೃದ್ರೋಗ ತಜ್ಞ ಫಿಲಿಪ್ ಕುಮೆಲ್ ವೇಗಸ್‌ನಿಂದ ಬರುವ ಏಎಫ್ ಬಗ್ಗೆ ವಿವರವಾಗಿ ಬರೆದಿದ್ದರು. ಬಹುಪಾಲು ನಡುವಯಸ್ಸಿನ ಗಂಡಸರು, ಬರುವುದು ರಾತ್ರಿ ಹೊತ್ತು, ಇಲ್ಲವೇ ಊಟವಾಗಿ ಒರಗಿದಾಗ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದೇ.

ಹೊಟ್ಟೆಗೂ ಎದೆಗೂ ನಂಟು ಇದೆ ಎಂದು ಗುರುತಿಸಿದ್ದು ಇನ್ನೂ ಹಿಂದೆ. ಜರ್ಮನಿಯ ವೈದ್ಯ ಲುಡ್ವಿಗ್ ರೋಮ್‌ಹೆಲ್ಡ್ ನೂರು ವರ್ಷಕ್ಕೂ ಮೊದಲೇ ಇದನ್ನು ಬರೆದಿಟ್ಟರು. ಹೊಟ್ಟೆ ಉಬ್ಬರಿಸಿ ಎದೆ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಅವರ ಹೆಸರೇ ಉಳಿದಿದೆ. ಸೋಡಾದಂಥ ಗ್ಯಾಸ್ ತುಂಬಿದ ಪಾನೀಯ ಕುಡಿದು, ತೇಗು ಬಂದ ಮೇಲೆ ಎದೆ ಹಗುರ ಆಯಿತು ಎನ್ನುವವರು ಸುಳ್ಳು ಹೇಳುವುದಿಲ್ಲ. ಆದರೆ ಎದೆಯ ಎಲ್ಲ ತೊಂದರೆಗೂ ಗ್ಯಾಸ್ ಎಂಬ ಹಣೆಪಟ್ಟಿ ಹಚ್ಚುವುದು ನನಗೆ ಹಿಡಿಸದ ಅಭ್ಯಾಸ. ಹೃದಯಾಘಾತವನ್ನೂ ಗ್ಯಾಸ್ ಎಂದುಕೊಂಡು ಮನೆಯಲ್ಲೇ ಕೂತು ತಡ ಮಾಡುವವರು ಇದ್ದಾರೆ.

ಈಗ ನಿಮ್ಮ ಎರಡು ಅನುಭವಗಳನ್ನು ಬೇರೆ ಬೇರೆ ಮಾಡಿ ನೋಡಿ. ಒಂದು ಬಡಿತ ತಪ್ಪಿ ಮುಂದಿನದು ಧಡ್ ಎನ್ನುವುದು ಬಹಳ ಮಟ್ಟಿಗೆ ಎಕ್ಟೋಪಿಕ್, ಅಂದರೆ ಹೊತ್ತಿಗೆ ಮುಂಚೆ ಬಂದ ಬಡಿತ. ಬಡಿತ ನಿಜಕ್ಕೂ ತಪ್ಪಿರುವುದಿಲ್ಲ. ಅವಸರದಲ್ಲಿ ಬಂದದ್ದು ನಮಗೆ ಗೊತ್ತಾಗುವುದಿಲ್ಲ, ಅದಾದ ಮೇಲಿನ ಬಿಡುವಿನಲ್ಲಿ ಹೃದಯ ಜಾಸ್ತಿ ರಕ್ತ ತುಂಬಿಕೊಂಡು ಜೋರಾಗಿ ಹಿಂಡುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯದಲ್ಲಿ ಇಂಥವು ಒಂದಷ್ಟು ಇರುವುದು ಮಾಮೂಲು. ಎಡಮಗ್ಗುಲಾಗಿ ಮಲಗಿದರೆ ಹೃದಯ ಎದೆಗೂಡಿಗೆ ತಾಗಿ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಅಷ್ಟೇ.

ಆ ಅರ್ಧ ಗಂಟೆಯ ಡವಡವ ಮಾತ್ರ ಬೇರೆ ಲೆಕ್ಕ. ಅದು ಏಎಫ್ ಆಗಿರಬಹುದು, ಆಗಿರದೆಯೂ ಇರಬಹುದು. ನಾರ್ಮಲ್ ಇಸಿಜಿ ಇದಕ್ಕೆ ಉತ್ತರ ಅಲ್ಲ. ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡಿನ ಬಡಿತವನ್ನು. ಕಳ್ಳ ಬಂದು ಹೋದ ಮಾರನೇ ದಿನ ಬಾಗಿಲ ಫೋಟೋ ತೆಗೆದ ಹಾಗೆ! 24 ಗಂಟೆ ಮೈಮೇಲೇ ಇದ್ದು ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಿ. ಅದರಲ್ಲೂ ಸಿಗದಿದ್ದರೆ ಎದೆಗೆ ಅಂಟಿಸಿಕೊಂಡು ಒಂದೆರಡು ವಾರ ಇಟ್ಟುಕೊಳ್ಳುವ ಪ್ಯಾಚ್ ಇದೆ. ಇಸಿಜಿ ತೆಗೆಯುವ ಸ್ಮಾರ್ಟ್‌ವಾಚ್ ಇದ್ದರೆ ಎದೆ ಡವಗುಟ್ಟುವಾಗಲೇ ತೆಗೆದು, ಆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್, ರಕ್ತದ ಪೊಟ್ಯಾಸಿಯಂ ಪರೀಕ್ಷೆಯೂ ಆಗಲಿ. ಇಷ್ಟು ಒತ್ತಾಯ ಯಾಕೆ ಎಂದರೆ, ಏಎಫ್‌ನಲ್ಲಿ ಅದುರುವ ಕೋಣೆಯೊಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು.

ಕಾಫಿ ಬಿಡಿಸಿದ ವಿಷಯಕ್ಕೆ ಬರುತ್ತೇನೆ. ಪಾಪ, ಕಾಫಿಗೆ ಅನ್ಯಾಯವಾಗಿದೆ. ನಾವು ಡಾಕ್ಟರುಗಳೇ ವರ್ಷಗಟ್ಟಲೆ ಬಿಡಿ ಬಿಡಿ ಎಂದೆವು. 2023ರಲ್ಲಿ 100 ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ ಕಾಫಿ ಕುಡಿದ ದಿನಗಳಲ್ಲಿ ಮೇಲಿನ ಕೋಣೆಯ ಎಕ್ಟೋಪಿಕ್ ಹೆಚ್ಚಲಿಲ್ಲ. ಕೆಳಗಿನ ಕೋಣೆಯವು ಸ್ವಲ್ಪ ಹೆಚ್ಚಿದವು, ನಿದ್ದೆಯೂ ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. 2025ರ ಇನ್ನೊಂದು ಪ್ರಯೋಗ ಏಎಫ್ ಇದ್ದ 200 ಜನರದ್ದು. ಶಾಕ್ ಕೊಟ್ಟು ತಾಳ ಸರಿಪಡಿಸಿದ ಮೇಲೆ, ಅರ್ಧ ಜನರಿಗೆ ದಿನಕ್ಕೆ ಒಂದು ಕಪ್ ಆದರೂ ಕುಡಿಯಿರಿ ಎಂದರು, ಉಳಿದವರಿಗೆ ಪೂರ್ತಿ ಬಿಡಿ ಎಂದರು. ಆರು ತಿಂಗಳಲ್ಲಿ ತೊಂದರೆ ಮರುಕಳಿಸಿದ್ದು ಕುಡಿದವರಲ್ಲಿ 47%, ಬಿಟ್ಟವರಲ್ಲಿ 64%. ಹಾಗಂತ ಕಾಫಿಯನ್ನು ಔಷಧಿ ಮಾಡಿಕೊಳ್ಳಬೇಡಿ. ಒಂದೆರಡು ಕಪ್ ಒಗ್ಗುತ್ತಿದ್ದರೆ ಕುಡಿಯಿರಿ, ಮನೆಯವರಿಗೆ ನಾನು ಹೇಳಿದೆ ಎನ್ನಿ. ಕುಡಿದಾಗೆಲ್ಲ ಎದೆ ತಾಳ ತಪ್ಪುತ್ತದೆ ಎಂದಾದರೆ ನಿಮ್ಮ ದೇಹದ ಮಾತೇ ದೊಡ್ಡದು. ಎನರ್ಜಿ ಡ್ರಿಂಕಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದರಲ್ಲಿ ಕೆಫೀನ್ ಜೊತೆ ಇನ್ನೂ ಏನೇನೋ ಇರುತ್ತವೆ, ಜನ ಅದನ್ನು ಒಂದೇ ಏಟಿಗೆ ಕುಡಿದೂ ಬಿಡುತ್ತಾರೆ.

ವಿಚಿತ್ರ ಏನೆಂದರೆ ಮನೆಯವರು ಕಾಫಿ ಬಿಡಿಸಿ ಪೆಗ್ ಉಳಿಸಿದ್ದಾರೆ. ನಾನಾಗಿದ್ದರೆ ತಿರುಗಾಮುರುಗಾ ಮಾಡುತ್ತಿದ್ದೆ. ತಾಳ ತಪ್ಪಿಸುವ ವಿಷಯದಲ್ಲಿ ಮದ್ಯದ ಮೇಲೆ ಇರುವಷ್ಟು ಗಟ್ಟಿ ಸಾಕ್ಷಿ ಬೇರೆ ಯಾವ ಆಹಾರ ಪಾನೀಯದ ಮೇಲೂ ಇಲ್ಲ. ರಜೆಯಲ್ಲಿ ಮಿತಿಮೀರಿ ಕುಡಿದು ಎದೆ ಡವಗುಟ್ಟಿ ಬರುವವರ ತೊಂದರೆಗೆ ಹಾಲಿಡೇ ಹಾರ್ಟ್ ಎಂಬ ಹೆಸರು ಬಂದದ್ದು 1978ರಲ್ಲಿ. ಆಸ್ಟ್ರೇಲಿಯಾದಲ್ಲಿ ಏಎಫ್ ಇದ್ದು ನಿತ್ಯವೋ ವಾರಕ್ಕೆ ಕೆಲವು ಸಲವೋ ಕುಡಿಯುವ 140 ಜನರ ಮೇಲೆ ನಡೆದ ಪ್ರಯೋಗದ ಫಲ 2020ರಲ್ಲಿ ಬಂತು. ಆರು ತಿಂಗಳಲ್ಲಿ, ಕುಡಿತ ಮುಂದುವರಿಸಿದವರಲ್ಲಿ 73% ಜನಕ್ಕೆ ಏಎಫ್ ಮರುಕಳಿಸಿದರೆ, ಬಿಡಲು ಹೇಳಿದವರಲ್ಲಿ 53%. ಪರೀಕ್ಷೆಗಳೆಲ್ಲ ಮುಗಿಯುವ ತನಕ ಪೆಗ್ ಪೂರ್ತಿ ನಿಲ್ಲಿಸಿ. ಏಎಫ್ ಎಂದು ಗೊತ್ತಾದರೆ ಆಮೇಲೂ ಬೇಡ.

ಊಟದ ವಿಷಯದಲ್ಲಿ ನಾನು ಏನು ತಿಂದಿರಿ ಎನ್ನುವುದಕ್ಕಿಂತ ಎಷ್ಟು, ಎಷ್ಟು ಬೇಗ, ಯಾವಾಗ ಎಂದು ಕೇಳುತ್ತೇನೆ. ರಾತ್ರಿ ಊಟ ಅರ್ಧಕ್ಕಿಳಿಸಿ, ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿಸಿ. ನೀರು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು, ಗುಟುಕು ಗುಟುಕಾಗಿ ಕುಡಿಯಿರಿ. ಎದೆಯುರಿ ಇದ್ದರೆ ಅದಕ್ಕೆ ಚಿಕಿತ್ಸೆ ಮಾಡಿಸಿ. ಒಂದು ತಿಂಗಳು ಚೀಟಿ ಬರೆಯಿರಿ: ಎಷ್ಟು ಗಂಟೆಗೆ, ಏನು ತಿಂದಾಗ, ನಾಡಿ ಎಷ್ಟು, ಎಷ್ಟು ಹೊತ್ತು. ಬರೀ ಎದೆ ಡವಗುಟ್ಟಿದ ದಿನ ಬರೆದರೆ ಆಗುವುದಿಲ್ಲ, ಅದೇ ತಿಂದು ಏನೂ ಆಗದ ದಿನವೂ ಬರೆಯಬೇಕು. ಇಲ್ಲದಿದ್ದರೆ ಅಂದು ತಟ್ಟೆಯಲ್ಲಿ ಇದ್ದದ್ದೆಲ್ಲ ಅಪರಾಧಿ ಆಗಿಬಿಡುತ್ತದೆ.

ಎದೆ ಡವಗುಟ್ಟುವುದರ ಜೊತೆ ಎದೆನೋವು, ಉಸಿರುಕಟ್ಟು, ತಲೆ ಸುತ್ತಿ ಬೀಳುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಚೀಟಿ ಬದಿಗಿಟ್ಟು ಎಮರ್ಜೆನ್ಸಿಗೆ ಹೋಗಿ. ನುಂಗುವಾಗಲೇ ಕಣ್ಣು ಕತ್ತಲೆ ಬಂದು ಬೀಳುವವರೂ ಅಪರೂಪಕ್ಕೆ ಇರುತ್ತಾರೆ. ಅವರಲ್ಲಿ ವೇಗಸ್ ಬ್ರೇಕು ಜೋರಾಗಿ ಬಿದ್ದು ಹೃದಯ ಕೆಲವು ಸೆಕೆಂಡು ನಿಂತಿರುತ್ತದೆ. ಅದನ್ನೂ ತಡ ಮಾಡದೆ ತೋರಿಸಬೇಕು.

ಪ್ರಶ್ನೆ: ಅಮ್ಮನಿಗೆ 71 ವರ್ಷ. ಏಎಫ್ ಇದೆ, ಬಿಪಿಯೂ ಇದೆ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ಕೊಡುತ್ತಿದ್ದಾರೆ. ಸೊಪ್ಪು ತಿನ್ನಲೇಬಾರದಾ? ಹೃದಯಕ್ಕೆ ಒಳ್ಳೆಯದು ಎಂದು ಮೀನೆಣ್ಣೆ ಮಾತ್ರೆ, ಬಿಪಿಗೆ ಒಳ್ಳೆಯದು ಎಂದು ಕಡಿಮೆ ಸೋಡಿಯಂ ಉಪ್ಪು ತಂದಿದ್ದೇನೆ.

ಉತ್ತರ: ಸೊಪ್ಪು ತಿನ್ನಲಿ. ಅದರಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಬಲ ತಗ್ಗಿಸುತ್ತದೆ ನಿಜ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಮಾತ್ರೆಯ ಡೋಸನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. ಒಂದು ವಾರ ರಾಶಿ, ಮುಂದಿನ ವಾರ ಸೊನ್ನೆ ಎಂದಾದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುವ ಅಳತೆ, ಏರುಪೇರಾಗುತ್ತದೆ. ಮೀನೆಣ್ಣೆ ಮಾತ್ರೆ ನಿಲ್ಲಿಸಿ. ಅದರಲ್ಲಿರುವ ಒಮೆಗಾ-3 ಕೊಬ್ಬಿನ ಪ್ರಮಾಣ ದಿನಕ್ಕೆ 1 ಗ್ರಾಂ ದಾಟಿದಾಗ ಏಎಫ್ ಅಪಾಯ ಹೆಚ್ಚುವುದು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ಮೀನು ತಿನ್ನುವವರಾದರೆ ಮೀನಿಗೆ ಅಡ್ಡಿಯಿಲ್ಲ.

ಉಪ್ಪಿನ ಪ್ಯಾಕೆಟ್ ಇನ್ನೂ ಒಡೆಯಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಸೊರಗಿದ್ದರೆ, ಅಥವಾ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ, ಆ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಲ್ಲದು. ಅಮ್ಮನ ಮಾತ್ರೆ ಚೀಟಿ ಮತ್ತು ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ ರಿಪೋರ್ಟ್ ಅವರ ಡಾಕ್ಟರಿಗೆ ತೋರಿಸಿ ಕೇಳಿ. ಅಲ್ಲಿಯ ತನಕ ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ.