ಬಿಲ್ ಸೊನ್ನೆ ಬಂದರೂ ಗೀಸರ್ ಲೆಕ್ಕ ಬಿಡಬೇಡಿ, ಮೇಷ್ಟ್ರೇ

ಶಿರಾದ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಮನೆಯಲ್ಲಿ ಕರೆಂಟ್ ಉಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಗೃಹ ಜ್ಯೋತಿ ಬಂದ ಮೇಲೆ ನಮ್ಮ ಬಿಲ್ ಸೊನ್ನೆ. ಉಳಿಸಿದರೆ ನನಗೇನು ಸಿಗುತ್ತದೆ? ನನ್ನ ಸರಾಸರಿ 92 ಯೂನಿಟ್ ಇತ್ತು, ಹಾಗಾಗಿ ಸುಮಾರು 101ರ ತನಕ ಉಚಿತ. ಮಹಡಿಯಲ್ಲಿರುವ ಮಗನ ಮೀಟರಿಗೆ 160. ಅವನಿಗೆ ಬೇಸಿಗೆಯಲ್ಲಿ 205 ದಾಟಿ ಪೂರ್ತಿ ಬಿಲ್ ಬರುತ್ತದೆ, ಸೋಲಾರ್ ಹಾಕಿಸೋಣ ಅನ್ನುತ್ತಿದ್ದಾನೆ. ಪಕ್ಕದ ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದೂ ನಮ್ಮ ಮನೆಗೆ ಬಂದದ್ದೇನು?"

ನಮಸ್ಕಾರ ಮೇಷ್ಟ್ರೇ.

ನಿಮ್ಮ ಮೊದಲ ಪ್ರಶ್ನೆ ನ್ಯಾಯವಾದದ್ದು. ಗೃಹ ಜ್ಯೋತಿಯಿಂದ ಎಷ್ಟೋ ಮನೆಗಳಿಗೆ ಉಸಿರಾಡುವ ಹಾಗಾಗಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಲೆಕ್ಕದಲ್ಲಿ ಒಂದು ನೋವಿನ ಜಾಗ ಇದೆ. 2022-23ರಲ್ಲಿ ಯಾರು ಎಷ್ಟು ಬಳಸಿದರೋ ಅದರ ಸರಾಸರಿಯ ಮೇಲೆ ಉಚಿತದ ಮಿತಿ ನಿಂತಿದೆ. ಅದರ ಮೇಲೆ ಶೇಕಡಾ 10 ಸೇರಿಸಿದರು, 2024ರಲ್ಲಿ ತೀರಾ ಕಡಿಮೆ ಬಳಸುವ ಮನೆಗಳಿಗೆ ಅದನ್ನು 10 ಯೂನಿಟ್ ಅಂತ ಬದಲಾಯಿಸಿದರು. ಅಂದರೆ ಆ ವರ್ಷ ದೀಪ ಆರಿಸಿ, ಫ್ಯಾನ್ ಆರಿಸಿ, ಕೈ ಬಿಗಿ ಹಿಡಿದು ಬಾಳಿದ ನಿಮ್ಮಂಥವರಿಗೆ ಕಡಿಮೆ ಮಿತಿ, ಜಾಸ್ತಿ ಸುಟ್ಟವರಿಗೆ ಜಾಸ್ತಿ ಮಿತಿ. ಈಗ ನೀವು ತಿಂಗಳಿಗೆ 70 ಯೂನಿಟ್‌ಗೆ ಇಳಿದರೂ ಉಳಿದ 31ಕ್ಕೆ ಒಂದು ಪೈಸೆ ಸಿಗುವುದಿಲ್ಲ. ಇದು ಸರಿಯಲ್ಲ. ಉಳಿಸಿದ ಯೂನಿಟ್‌ಗೆ ಸರ್ಕಾರ ಒಂದಿಷ್ಟು ಹಣವನ್ನು ಮನೆಯ ಹೆಸರಿನಲ್ಲಿ ಜಮಾ ಮಾಡಬೇಕು, ಆ ಹಣದಲ್ಲಿ ಸೋಲಾರ್ ವಾಟರ್ ಹೀಟರೋ ಒಳ್ಳೆಯ ಫ್ಯಾನೋ ಕೊಳ್ಳಲು ಬಿಡಬೇಕು. ಉಚಿತ ಕರೆಂಟಿಗೆ ಹೇಗೂ ಬೊಕ್ಕಸದಿಂದ ಹಣ ಹೋಗುತ್ತಿದೆ, ಅದರಲ್ಲೇ ಒಂದು ಪಾಲನ್ನು ಉಳಿಸಿದವರಿಗೆ ಕೊಟ್ಟರೆ ಮುಂದಿನ ವರ್ಷ ಹೋಗುವ ಹಣವೂ ಕಡಿಮೆಯಾಗುತ್ತದೆ ಅಲ್ವಾ?

ಈಗ ಮಹಡಿಯ ಮನೆಗೆ ಬರೋಣ. ಅಲ್ಲಿನ ಲೆಕ್ಕ ಕುತೂಹಲದ್ದು.

ನಿಮ್ಮ ಮಗನ ಮಿತಿ 160. ಒಂದು ತಿಂಗಳು 195 ಬಳಸಿದರೆ ಮೇಲಿನ 35 ಯೂನಿಟ್‌ಗೆ ಮಾತ್ರ ಕಟ್ಟಬೇಕು. 2025-26ರ ದರದಲ್ಲಿ ಯೂನಿಟ್‌ಗೆ 5.80 ರೂಪಾಯಿಯಂತೆ 203 ರೂಪಾಯಿ. ಅದೇ 205 ಆಯಿತು ಅನ್ನಿ, 200 ದಾಟಿದ್ದರಿಂದ ಉಚಿತವೇ ಇಲ್ಲ, ಯೂನಿಟ್ ದರವೇ 1,189 ರೂಪಾಯಿ, ಅದರ ಮೇಲೆ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ, ಮತ್ತೆ ಬೇರೆ ಚಿಲ್ಲರೆ ಶುಲ್ಕಗಳು. ಹತ್ತು ಯೂನಿಟ್ ಹೆಚ್ಚು ಬಳಸಿದ್ದಕ್ಕೆ ಸಾವಿರಕ್ಕೂ ಜಾಸ್ತಿ ವ್ಯತ್ಯಾಸ! ಹಾಗಾದರೆ ಆ ಹತ್ತು ಯೂನಿಟ್ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಮೊದಲ ಕೆಲಸ, ಪ್ಯಾನೆಲ್ ಆಮೇಲಿನದು.

ಮಹಡಿಯಲ್ಲಿ ಮೂರು ಫ್ಯಾನ್ ಇವೆ, ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಓಡುತ್ತವೆ ಅಂತ ಬರೆದಿದ್ದೀರಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟ್ ತಿನ್ನುವ ಮೋಟರಿನ ಹೊಸ ಫ್ಯಾನ್ ಅದೇ ಗಾಳಿಗೆ 30ರ ಆಸುಪಾಸು. ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಮೂರಕ್ಕೆ 48. 205ರಲ್ಲಿ 48 ಕಳೆಯಿರಿ, 157. ಮಿತಿ 160. ಬಿಲ್ ಸೊನ್ನೆ! ಒಂದೊಂದು ಫ್ಯಾನಿಗೆ ಸುಮಾರು ಮೂರು ಸಾವಿರ ಬೀಳಬಹುದು, ಎರಡು ಮೂರು ಬೇಸಿಗೆಯಲ್ಲಿ ಆ ದುಡ್ಡು ವಾಪಸ್ ಬರುತ್ತದೆ. ಫ್ಯಾನಿಗೂ ಸ್ಟಾರ್ ಗುರುತು 2023ರ ಜನವರಿಯಿಂದ ಕಡ್ಡಾಯ, ಅಂಗಡಿಯಲ್ಲಿ ಕೇಳಿ, ನೋಡಿಯೇ ತನ್ನಿ.

ಮಗನಿಗೆ ಇನ್ನೊಂದು ಮಾತು ಹೇಳಿ. ಆರ್‌ಸಿಸಿ ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ, ಹಾಗಾಗಿ ಹನ್ನೊಂದು ಗಂಟೆಗೂ ಮಹಡಿಯ ಕೋಣೆ ಒಲೆಯ ಹಾಗಿರುತ್ತದೆ. ಹೋಳಿ ಹೊತ್ತಿಗೆ ತಾರಸಿಗೆ ಬಿಳಿ ಸುಣ್ಣ ಎರಡು ಸಲ ಬಳಿಸಿ, ಅಥವಾ ಬಿಸಿಲು ತಡೆಯುವ ಬಿಳಿ ಪೇಂಟ್ ಹಾಕಿಸಿ. ನಮ್ಮ ಮನೆಯಲ್ಲಿ ಮಾಡಿದ ಮೇಲೆ ಅಮ್ಮ ಮತ್ತೆ ಮೇಲಿನ ಕೋಣೆಯಲ್ಲೇ ಮಲಗಲು ಶುರುಮಾಡಿದರು, ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇನ್ನು ನಿಮ್ಮ ಗೀಸರ್. ಎರಡು ಕಿಲೋವ್ಯಾಟಿನದು, ದಿನಾ ಮುಕ್ಕಾಲು ಗಂಟೆ. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ನಿಮ್ಮ ಮಿತಿಯ ಹತ್ತಿರ ಹತ್ತಿರ ಅರ್ಧ ಇದೊಂದಕ್ಕೇ ಹೋಗುತ್ತಿದೆ. ಪಾವಗಡದ ಪ್ರಶ್ನೆಗೂ ಇದಕ್ಕೂ ನಂಟಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಪಾವಗಡದ ಪಾರ್ಕ್ 2,050 ಮೆಗಾವ್ಯಾಟಿನದು, ಸುಮಾರು 13,000 ಎಕರೆ. ಜಮೀನನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ರೈತರಿಂದ ಗುತ್ತಿಗೆಗೆ ಪಡೆದರು. ಮಳೆ ಕೈಕೊಡುವ ತಿರುಮಣಿ, ವಳ್ಳೂರು ಕಡೆಯ ಜಮೀನುದಾರರಿಗೆ ಇದು ಖಾತ್ರಿ ಆದಾಯ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ, ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಅವರ ಸಂಕಟ ನಾವು ಮರೆಯಬಾರದು. ಅಲ್ಲಿ ಹುಟ್ಟುವ ಕರೆಂಟ್ ಗ್ರಿಡ್‌ಗೆ ಸೇರುತ್ತದೆ. ಕೆರೆಗೆ ಬಿದ್ದ ಮಳೆನೀರಿನ ಹಾಗೆ, ಇದು ಶಿರಾದ್ದು ಇದು ಬೆಂಗಳೂರಿನದು ಅಂತ ಬೇರ್ಪಡಿಸಲು ಆಗುವುದಿಲ್ಲ. ಹಳೆಯ ಕಥೆಯೂ ಹೀಗೇ. 1902ರಲ್ಲಿ ಶಿವನಸಮುದ್ರದ ಕರೆಂಟ್ 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿ ಹಾದು ಹೋದ ದಾರಿಯ ಹಳ್ಳಿಗಳು ಬುಡ್ಡಿದೀಪದಲ್ಲೇ ಇದ್ದವು. ಬೆಂಗಳೂರಿನ ಬೀದಿಗೂ ದೀಪ ಬಂದದ್ದು 1905ರಲ್ಲಿ. ನಿಮ್ಮ ಸಿಟ್ಟಿಗೆ ನೂರಿಪ್ಪತ್ತು ವರ್ಷದ ಹಿನ್ನೆಲೆ ಇದೆ ಮೇಷ್ಟ್ರೇ.

ಆದರೆ ಬೆಳಗ್ಗೆ ಆರು ಗಂಟೆಗೆ ನೀವು ಗೀಸರ್ ಹಾಕುವಾಗ ಪಾವಗಡದಲ್ಲಿ ಬಿಸಿಲೇ ಇರುವುದಿಲ್ಲ. ಆ ಹೊತ್ತಿಗೆ ರಾಜ್ಯದ ಲಕ್ಷಾಂತರ ಗೀಸರ್‌ಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಆಗ ದುಡಿಯುವುದು ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು. ಎಷ್ಟು ಸಾವಿರ ಎಕರೆ ಪ್ಯಾನೆಲ್ ಹಾಸಿದರೂ ಈ ಒಂದು ಗಂಟೆಯನ್ನು ಅದು ನೇರವಾಗಿ ತುಂಬಲಾರದು. ಸೋಲಾರ್ ವಾಟರ್ ಹೀಟರ್ ತುಂಬುತ್ತದೆ, ನಿನ್ನೆಯ ಬಿಸಿಲನ್ನು ಟ್ಯಾಂಕಿನಲ್ಲಿ ಕಾದಿಟ್ಟಿರುತ್ತದಲ್ಲ. ಇಬ್ಬರಿಗೆ 100 ಲೀಟರಿನದು ಸಾಕು. ನಿಮ್ಮ ಕಡೆ ಬೋರ್ ನೀರು ಗಡಸು, ತಾಮ್ರದ ಕೊಳವೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಹಾಗಾಗಿ ಗಾಜಿನ ಕೊಳವೆಯದನ್ನೇ ಕೇಳಿ. ನಿಗದಿತ ಅಳತೆಗಿಂತ ದೊಡ್ಡದಾದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಇರಬೇಕು ಅಂತ ರಾಜ್ಯ 2007ರಲ್ಲೇ ಆದೇಶ ಮಾಡಿತ್ತು. ನಕ್ಷೆ ಮಂಜೂರು ಮಾಡುವ ನಗರಸಭೆ, ಪುರಸಭೆಗಳು ತಾರಸಿ ಹತ್ತಿ ನೋಡಿದರೆ ತಾನೇ ಅದಕ್ಕೆ ಬೆಲೆ?

ನನಗೆ ಜಾಸ್ತಿ ಬೇಸರ ಆಗುವುದು ಇಲ್ಲಿ. ಮೊದಲು ಬೇಕಾದದ್ದೇನು ಅಂತ ಅಳೆಯುವ ಈ ಪಾಠ ನಮ್ಮ ತುಮಕೂರು ಜಿಲ್ಲೆಯಲ್ಲೇ ಒಮ್ಮೆ ಕಲಿತದ್ದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು, ಅದರ ಹಳ್ಳಿಯ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೆ ಅಂತ ಅಳೆದರು. ಬಹುಪಾಲು ಹೋಗುತ್ತಿದ್ದದ್ದು ಅಡುಗೆಯ ಸೌದೆಗೆ, ಅದನ್ನು ಹೊತ್ತು ತರುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಹಾಗಾಗಿ ಕಡಿಮೆ ಸೌದೆ ಸಾಕಾಗುವ ಅಸ್ತ್ರ ಒಲೆ ಬಂತು. ಪಕ್ಕದ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯಿಂದ ಗ್ಯಾಸ್ ಮಾಡಿ, ಅದರಿಂದ ಎಂಜಿನ್ ಓಡಿಸಿ ಮನೆಗೆ ದೀಪ, ಬೀದಿಗೆ ಕುಡಿಯುವ ನೀರು ಕೊಟ್ಟರು. ಅವರು ಮೊದಲು ಕೇಳಿದ್ದು ಜನಕ್ಕೆ ಏನು ಬೇಕು ಅಂತ, ಎಷ್ಟು ಮೆಗಾವ್ಯಾಟ್ ಅನ್ನುವುದು ಆಮೇಲೆ. ಇವತ್ತಿನ ಯೋಜನೆಗಳಲ್ಲಿ ಪ್ಯಾನೆಲ್‌ಗೆ ಸಬ್ಸಿಡಿ ಇದೆ, ಸುಡುವ ತಾರಸಿಗೆ ಇಲ್ಲ.

ಪಿಎಂ ಸೂರ್ಯ ಘರ್ ಬಗ್ಗೆ ಕೇಳಿದ್ದೀರಿ. ಮನೆ ತಾರಸಿಯ ಸೋಲಾರ್ ಪ್ಯಾನೆಲ್‌ಗೆ ನೆರವು ಕೊಡಲು 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ಯೋಜನೆ. ಕಿಲೋವ್ಯಾಟಿಗೆ 30,000ದಂತೆ ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ತಾರಸಿ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಹತ್ತಿರ ಬರುತ್ತದೆ. ವರ್ಷವಿಡೀ 200 ದಾಟುವ ಮನೆಗೆ ಧಾರಾಳವಾಗಿ ಹಾಕಿಸಿ ಅನ್ನುತ್ತೇನೆ. ನಿಮ್ಮ ಮಗನಿಗೆ ಈಗ ಬೇಡ. ಫ್ಯಾನ್, ಸುಣ್ಣ ಎರಡೂ ಆದ ಮೇಲೂ 200 ದಾಟಿದರೆ ಆಗ ಯೋಚಿಸಿ, ಎರಡು ಕಿಲೋವ್ಯಾಟ್ ಬೇಕೆನಿಸಿದ್ದಲ್ಲಿ ಒಂದೇ ಸಾಕಾಗಬಹುದು. ಹಾಕಿಸುವ ದಿನ ನೀವೇ ತಾರಸಿಯಲ್ಲಿ ನಿಲ್ಲಿ. ನಮ್ಮ ಮನೆಗೆ ಬಂದವರು ನೀರಿನ ಟ್ಯಾಂಕಿನ ಪಕ್ಕದಲ್ಲೇ ಪ್ಯಾನೆಲ್ ಕೂರಿಸಿ ಹೋದರು, ಮೂರು ಗಂಟೆಯಾದರೆ ನೆರಳು. ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಸಾಲಿನ ಉಳಿದವನ್ನೂ ಎಳೆದು ಹಾಕುತ್ತದೆ ಅಂತ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು. ದಕ್ಷಿಣಕ್ಕೆ ಮುಖ, ಸುಮಾರು 13 ಡಿಗ್ರಿ ಓರೆ, ಸುತ್ತ ಟ್ಯಾಂಕ್, ತೆಂಗಿನ ಮರ ಯಾವುದರ ನೆರಳೂ ಇರಬಾರದು.

ಫ್ಯಾನ್ ತರುವ ಮುಂಚೆ ಒಂದು ವಾರ ಎರಡೂ ಮೀಟರನ್ನು ಬೆಳಗ್ಗೆ ಏಳಕ್ಕೆ ಓದಿ ಬರೆದಿಡಿ, ತಂದ ಮೇಲೆ ಇನ್ನೊಂದು ವಾರ. ಹಾಜರಿ ಪುಸ್ತಕ ಬರೆದ ಕೈ ನಿಮ್ಮದು, ಒಂದು ದಿನವೂ ತಪ್ಪಲಾರದು. ಏಪ್ರಿಲ್ ಬಿಲ್‌ಗಳ ಜೊತೆ ಆ ಹಾಳೆಯನ್ನೂ ಕಳಿಸಿಕೊಡಿ. ನೀವು ಒಪ್ಪಿದರೆ ಜೂನ್ ಸಂಚಿಕೆಯಲ್ಲಿ ಹಾಗೇ ಹಾಕುತ್ತೇವೆ.

– ಸಂಪಾದಕ